ಸೀಲು ಒಡೆಸಿದ ಮೇಸ್ತ್ರಿ

ನಾಡಿ ಮೇಸ್ತ್ರಿಗೆ ದೋಣಿ ಕಂಪನಿಯಿಂದ ನಾಲ್ಕು ತಿಂಗಳ ಸಂಬಳ ಇನ್ನೂ ಬರಬೇಕು. ಅದನ್ನು ನಮ್ಮ ಸಂಘ ಹೇಗಾದರೂ ಕಕ್ಕಿಸುತ್ತದೆ, ಆ ಚಿಂತೆ ನಿಮಗೆ ಬೇಡ. ನಾನು ಹೇಳಹೊರಟದ್ದು ಕಂಪನಿ ಅವನ ಕೈಗೆ ತುರುಕಿದ ಕಾಗದದ ವಿಷಯ. 'ಅಜಾಗರೂಕ ದುರಸ್ತಿಯಿಂದ ಪ್ರಯಾಣಿಕರ ಜೀವಕ್ಕೆ ಅಪಾಯ ತಂದ ಕಾರಣ ಕೆಲಸದಿಂದ ತೆಗೆಯಲಾಗಿದೆ' ಎಂದು ಅದರಲ್ಲಿ ಟೈಪು ಮಾಡಿದ್ದಾರೆ. ಅದು ರದ್ದಾಗುವ ತನಕ ಈ ನದಿಯ ದಡದಲ್ಲಿ ಯಾರೂ ಅವನಿಗೆ ಮೋಟಾರು ಮುಟ್ಟಲು ಬಿಡುವುದಿಲ್ಲ.

ಇಪ್ಪತ್ತಾರು ವರ್ಷ ಅವನು ದೋಣಿಯ ಹಿಂಬದಿಗೆ ಕಚ್ಚಿಸುವ ಮೋಟಾರುಗಳನ್ನೇ ಬಿಚ್ಚಿ ಕಟ್ಟಿದವನು. ಟ್ಯಾಂಕಿನಿಂದ ಮೋಟಾರಿಗೆ ಪೆಟ್ರೋಲ್ ಹೋಗುವ ಪೈಪಿನ ನಡುವೆ ಮುಷ್ಟಿಗಾತ್ರದ ಒಂದು ರಬ್ಬರ್ ಬಲ್ಬ್ ಇರುತ್ತದೆ. ಅಮುಕಿದರೆ ಪೆಟ್ರೋಲ್ ಮುಂದಕ್ಕೆ ನುಗ್ಗುತ್ತದೆ. ಮೋಟಾರು ಕೆಟ್ಟಿದೆ ಎಂದು ಯಾರೇ ಬರಲಿ, ಅವನು ಮೊದಲು ಹಿಡಿಯುತ್ತಿದ್ದುದು ಆ ಬಲ್ಬನ್ನು. ಎಷ್ಟು ಅಮುಕಿದರೂ ಮೆತ್ತಗೇ ಉಳಿದರೆ ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ. ಕಲ್ಲಿನಂತೆ ಗಟ್ಟಿಯಾಗಿಯೂ ಮೋಟಾರು ಏಳದಿದ್ದರೆ ಕಸ ಮುಂದಿದೆ, ಕಾರ್ಬುರೇಟರಿನಲ್ಲಿ. ಒಳಗೆ ಕುಸಿದು ಚಪ್ಪಟೆಯಾಗಿದ್ದರೆ ತಡೆ ಹಿಂದೆ, ಟ್ಯಾಂಕಿನ ಕಡೆ. ಹೀಗೆ ಅವನು ನಾಡಿ ಮೇಸ್ತ್ರಿಯಾದ. ಬಾಯಿ ಮಾತ್ರ ಬಲು ಹರಕು. ಬಂದವರು ಪ್ಲಗ್ ಬದಲಾಯಿಸು ಎಂದರೆ, "ಹೊಟ್ಟೆಗೆ ಹಿಟ್ಟಿಲ್ಲದೆ ಬಿದ್ದೋನಿಗೆ ಹಲ್ಲು ಕಟ್ಟಿಸ್ತೀಯೇನೋ?" ಎನ್ನುತ್ತಿದ್ದ.

ಎರಡು ತಿಂಗಳ ಹಿಂದೆ ಮಾಲೀಕನಿಗೆ ದೋಣಿ ನಡೆಸುವವರೆಲ್ಲ ಪೆಟ್ರೋಲ್ ಕದಿಯುತ್ತಾರೆ ಎಂಬ ಗುಮಾನಿ ಹತ್ತಿತು. ಪ್ರತಿ ಟ್ಯಾಂಕಿನ ಮುಚ್ಚಳಕ್ಕೂ ತಗಡಿನ ಟೋಪಿ ಹಾಕಿಸಿದ, ದಿನಾ ಬೆಳಿಗ್ಗೆ ಪೆಟ್ರೋಲ್ ತುಂಬಿದ ಮೇಲೆ ಗುಮಾಸ್ತನಿಂದ ತಂತಿ ಸುತ್ತಿಸಿ, ಸೀಸದ ಸೀಲು ಒತ್ತಿಸತೊಡಗಿದ. ಒಡೆದವನು ಮನೆಗೆ. ಆ ಟೋಪಿಯ ಅಡಿಯಲ್ಲಿ, ಮುಚ್ಚಳದ ನೆತ್ತಿಯ ಮೇಲೆ, ಒಂದು ಪುಟ್ಟ ತಿರುಪು ಇದೆ. ಮೋಟಾರು ಓಡುವಾಗ ಅದು ಸಡಿಲವಾಗಿರಬೇಕು, ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಹೋಗಬೇಕು. ಬಿಗಿದರೆ ಸ್ವಲ್ಪ ಹೊತ್ತಿಗೆ ಟ್ಯಾಂಕು ಉಸಿರುಗಟ್ಟಿ, ಮೋಟಾರು ಉಪವಾಸ ಬೀಳುತ್ತದೆ.

"ತಿರುಪು ಸಡಿಲ ಬಿಟ್ಟು ಸೀಲ್ ಹಾಕಿ ಸ್ವಾಮಿ," ಎಂದು ಮೇಸ್ತ್ರಿ ಗುಮಾಸ್ತನಿಗೆ ಹೇಳಿದ.

"ಆವಿ ಆಗೋಗತ್ತಂತೆ ಕಣಯ್ಯಾ. ಬಿಗೀರಿ ಅಂದಿದಾರೆ ಮಾಲೀಕ್ರು."

"ಹಂಗಾದ್ರೆ ಮಾಲೀಕ್ರ ಮೂಗಿಗೂ ಒಂದೊಂದು ಬಿರಡೆ ಹಾಕಿ. ಇನ್ನೂ ಉಳಿತಾಯ ಆಗತ್ತೆ."

ಗುಮಾಸ್ತ ನಕ್ಕು, ಎರಡು ದಿನ ಕಂಡೂ ಕಾಣದಂತೆ ತಿರುಪು ಸಡಿಲ ಬಿಟ್ಟ. ಮೂರನೆಯ ದಿನ ಮಾಲೀಕ ಪಕ್ಕದಲ್ಲೇ ನಿಂತಿದ್ದ. ಗುಮಾಸ್ತ ಇಕ್ಕಳ ಹಿಡಿದು ತಿರುಪು ಬಿಗಿದ.

ಆವತ್ತು ಬೆಳಿಗ್ಗೆ ಒಂಬತ್ತರ ದೋಣಿಯಲ್ಲಿ ಹದಿನಾಲ್ಕು ಜನ. ನಡೆಸುವವನು ಮೇಸ್ತ್ರಿಯ ಹೆಂಡತಿಯ ತಮ್ಮ. ನಡುನೀರಿನಲ್ಲಿ ಮೋಟಾರು ಕೆಮ್ಮಿ ನಿಂತಿತು. ಸೆಳವು ದೋಣಿಯನ್ನು ಮುರಿದ ಸೇತುವೆಯ ಕಂಬಗಳತ್ತ ಎಳೆಯತೊಡಗಿತು. ಅವನು ಮೇಸ್ತ್ರಿಯ ರಿಪೇರಿ ಶೆಡ್ಡಿಗೆ ಫೋನು ಮಾಡಿ, ಸ್ಪೀಕರ್ ಹಾಕಿ ಹಲಗೆಯ ಮೇಲಿಟ್ಟ.

"ಭಾವಾ, ನಿಂತೋಯ್ತು! ಹಗ್ಗ ಎಳೆದೆಳೆದು ತೋಳು ಬಿದ್ದೋಯ್ತು!"

"ಎಳೀಬೇಡ. ಬಲ್ಬ್ ಹಿಡಿ. ಹೇಗಿದೆ?"

"ಚಪ್ಪಟೆ. ಹಲ್ಲಿಲ್ಲದ ಮುದುಕಿ ಕೆನ್ನೆ ಇದ್ದಂಗಿದೆ."

"ಸೀಲು ಒಡಿ. ತಿರುಪು ಬಿಚ್ಚು."

"ಕೆಲಸ ಹೋಗತ್ತೆ ಭಾವಾ. ಮಕ್ಕಳಿದಾವೆ."

"ಕಂಬಕ್ಕೆ ಬಡಿದ್ರೆ ನೀನೇ ಹೋಗ್ತೀಯ. ಒಡಿಯೋ ಬೇವರ್ಸಿ! ಯಾರು ಹೇಳಿದ್ರು ಅಂತ ಕೇಳಿದ್ರೆ ನನ್ನ ಹೆಸರು ಹೇಳು."

"ಒಡೀರಣ್ಣಾ, ನಾವೆಲ್ಲ ಸಾಕ್ಷಿ ಹೇಳ್ತೀವಿ!" ಎಂದು ಹೆಂಗಸೊಬ್ಬಳು ಕೂಗಿದಳು. ಒಬ್ಬರು ತಮ್ಮ ಕೊಡೆಯ ಮೊನೆ ತೂರಿಸಿ ತಂತಿ ಮೀಟಿದರು. ಸೀಸ ಕಿತ್ತು ಬಂತು. ತಿರುಪು ಬಿಚ್ಚುತ್ತಲೇ ಟ್ಯಾಂಕು ಬುಸ್ಸೆಂದು ಗಾಳಿ ಕುಡಿಯಿತು. ಹತ್ತು ಸಲ ಅಮುಕಿದ್ದಕ್ಕೆ ಬಲ್ಬು ಗಟ್ಟಿಯಾಯಿತು, ಎರಡನೇ ಎಳೆತಕ್ಕೆ ಮೋಟಾರು ಎದ್ದಿತು. ಕಂಬ ಎರಡು ಮಾರು ದೂರದಲ್ಲಿತ್ತು. ಹದಿನಾಲ್ಕು ಜನ ದಡ ಹತ್ತಿ, ಬಟ್ಟೆ ಕೊಡವಿಕೊಂಡು, ತಂತಮ್ಮ ಕೆಲಸಕ್ಕೆ ಹೋದರು.

ಸಂಜೆಯೊಳಗೆ ಮಾಲೀಕ ಮೇಸ್ತ್ರಿಯ ಆ ಬಾಮೈದನಿಂದ ಬರೆಸಿಕೊಂಡ: ಮೋಟಾರಿನ ದುರಸ್ತಿ ಸರಿಯಿರಲಿಲ್ಲ, ಸೀಲು ತಾನಾಗಿ ಕಳಚಿತು. ಅವನು ಈಗಲೂ ಒಂಬತ್ತರ ದೋಣಿ ನಡೆಸುತ್ತಾನೆ. ಮೇಸ್ತ್ರಿ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾನೆ.

"ನನ್ನ ತಮ್ಮ ಹೊಸ್ತಿಲು ತುಳೀಲಿ, ಮುಖಕ್ಕೆ ಉಗೀತೀನಿ," ಎಂದಳು ಅವನ ಹೆಂಡತಿ, ನನ್ನೆದುರೇ.

"ಬಿಡೇ. ಅವನ ನೆತ್ತಿ ಮೇಲೂ ಸೀಲು ಬಿದ್ದಿದೆ," ಎಂದ ಮೇಸ್ತ್ರಿ. ಅವನಷ್ಟು ದೊಡ್ಡ ಮನಸ್ಸು ನನಗಿಲ್ಲ.

ನಾವು ಹದಿನಾಲ್ಕು ಬಾಗಿಲೂ ತಟ್ಟಿದೆವು. "ನಮಗ್ಯಾಕ್ರೀ ಕಚೇರಿ ಸಹವಾಸ" ಎಂದರು. "ದಿನಾ ಅದೇ ದೋಣೀಲಿ ಹೋಗ್ಬೇಕಲ್ಲ" ಎಂದರು. ಸಾಕ್ಷಿ ಹೇಳುತ್ತೇನೆಂದು ಕೂಗಿದವಳಿಗೆ ಆವತ್ತು ಏನೂ ಕೇಳಿಸಿರಲೇ ಇಲ್ಲವಂತೆ. ಕೊಡೆಯವರು ಮನೆಯಲ್ಲಿಲ್ಲ ಎಂದು ಅವರದೇ ದನಿ ಒಳಗಿನಿಂದ ಹೇಳಿತು. ಕೊಡೆ ಬಾಗಿಲ ಚಿಲಕಕ್ಕೆ ನೇತಾಡುತ್ತಿತ್ತು, ಮೊನೆ ಸೊಟ್ಟಗಾಗಿತ್ತು.

ಸೋಮವಾರ ಹನ್ನೊಂದು ಗಂಟೆಗೆ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ. ಮಹಡಿ ಹತ್ತಿ ಎಡಕ್ಕಿರುವ ಕೋಣೆ. ಮಾಲೀಕನ ಕೈಯಲ್ಲಿ ಬಾಮೈದನ ಬರಹವಿದೆ. ಮೇಸ್ತ್ರಿಯ ಪಾಲಿಗೆ ನೀವಷ್ಟೇ. ಆವತ್ತು ಒಂಬತ್ತರ ದೋಣಿಯಲ್ಲಿದ್ದು ಈಗ ಇದನ್ನು ಓದುತ್ತಿರುವವರೇ, ನಿಮ್ಮ ಕಣ್ಣೀರು, ಮೆಚ್ಚುಗೆ ಯಾವುದೂ ನಮಗೆ ಬೇಕಿಲ್ಲ. ಬನ್ನಿ. ಕಂಡದ್ದನ್ನು, ಕೇಳಿದ್ದನ್ನು ಹೇಳಿ, ಕೆಳಗೆ ಸಹಿ ಹಾಕಿ. ಕೊಡೆಯವರು ಆ ಕೊಡೆಯನ್ನೂ ತರಬೇಕು.