ಬದುವಿನ ಆಚೆಗೂ ಒಂದು ಪಾಲು

ನಾಲ್ಕನೇ ಜ್ವರ ಬಿಟ್ಟು, ಎಂದರೆ ನಾಲ್ಕನೇ ಸಲ ಪೊರೆ ಕಳಚಿ ಎದ್ದ ರೇಷ್ಮೆ ಹುಳುಗಳಿಗೆ ವಿಪರೀತ ಹಸಿವು. ಸುಗಟೂರಿನ ಮುನಿಶಾಮಮ್ಮ ಅವತ್ತು ಬೆಳಕು ಹರಿಯುತ್ತಲೇ ಬದುವಿನ ಪಕ್ಕದ ಸಾಲುಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹುಳುಮನೆಯ ತಟ್ಟೆಗಳಿಗೆಲ್ಲ ಹಾಸಿದಳು. ಹಾಲು ಕರೆದು ಡೈರಿಗೆ ಹಾಕಿ ಬರುವಷ್ಟರಲ್ಲಿ ಹುಳುಗಳು ಸೊಪ್ಪಿನಿಂದ ಬಾಯಿ ತೆಗೆದಿದ್ದವು. ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಸುರಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳಲ್ಲಿ ಅಲುಗಾಟವೇ ಇರಲಿಲ್ಲ.

ಯಾಕೆ ಹೀಗಾಯಿತೆಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಉಳಿದ ಸೊಪ್ಪನ್ನು ಮೂಗಿಗೆ ಹಿಡಿದರೆ ಔಷಧಿಯ ವಾಸನೆ ಹೊಡೆಯುತ್ತಿತ್ತು. ಬದುವಿನ ಆಚೆ ಅವಳ ಬಾವ ಅಪ್ಪಾಜಪ್ಪನ ಟೊಮೆಟೊ ತೋಟ. ಹಿಂದಿನ ಸಂಜೆ ಅವನು ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಔಷಧಿ ಹೊಡೆದಿದ್ದ. ಗಾಳಿ ಈ ಕಡೆಗೆ ಬೀಸಿತ್ತು.

ಅಪ್ಪಾಜಪ್ಪ ಅವಳ ಗಂಡ ಮುನಿಕೃಷ್ಣಪ್ಪನ ಅಣ್ಣ. ತಮ್ಮ ತೀರಿಕೊಂಡ ಮೇಲೆ ಅವಳ ಹೊಲಕ್ಕೆ ನೀರು ಬಿಡುವುದರಿಂದ ಹಿಡಿದು ಗೊಬ್ಬರ ಹೊಡೆಸುವವರೆಗೆ ಎಲ್ಲಕ್ಕೂ ಅವನೇ ನಿಂತಿದ್ದ. ಮಾತು ಒರಟು, ಮನಸ್ಸು ಹಾಗಲ್ಲ. ಅವಳು ಸಂಘಕ್ಕೆ ಸೇರಿದಾಗ ಮಾತ್ರ ಅವನು ನಕ್ಕಿದ್ದ.

ಸಂಘದ ಹೆಸರು ನೇರಳೆ ಬಳಗ. ಸುಗಟೂರಿನ ಸುತ್ತ ಗೂಡು ಬೆಳೆಯುವವರು, ತಾಯಲೂರಿನಲ್ಲಿ ಆ ಗೂಡಿನ ನೂಲು ಬಿಚ್ಚುವ ಹೆಂಗಸರು, ಎಲ್ಲ ಸೇರಿ ಕಟ್ಟಿಕೊಂಡದ್ದು. ದುಡಿದವರಿಗೆ ನ್ಯಾಯವಾದ ಬೆಲೆ ಸಿಗಬೇಕೆನ್ನುವ, ಬೆಂಗಳೂರಿನ ಒಂದು ನ್ಯಾಯ ವ್ಯಾಪಾರದ ಕಂಪನಿ ಅವರ ನೂಲು ಕೊಳ್ಳುತ್ತಿತ್ತು. ಹುಳು ಗೂಡು ಕಟ್ಟುವ ಮೊದಲೇ ಬೆಲೆ ಗೊತ್ತಾಗಿರುತ್ತಿದ್ದರಿಂದ ಮಾರುಕಟ್ಟೆಯಲ್ಲಿ ಹರಾಜಿಗೆ ಕಾದು ಕೂರುವ ಸಂಕಟ ಇರಲಿಲ್ಲ. ಬೆಲೆಯಲ್ಲದೆ ಕಂಪನಿಯಿಂದ ವರ್ಷಕ್ಕೊಮ್ಮೆ ಇನ್ನಷ್ಟು ಹಣ ಬರುತ್ತಿತ್ತು. ಅದು ಯಾರೊಬ್ಬರದೂ ಅಲ್ಲ, ಒಟ್ಟಿನ ಹಣ. ಯಾವುದಕ್ಕೆ ಬಳಸಬೇಕೆಂದು ಸಭೆಯಲ್ಲಿ ಎಲ್ಲರೂ ಕೂತು ತೀರ್ಮಾನಿಸಬೇಕು. ಹೊಲಕ್ಕೆ ವಿಷ ಹಾಕಬಾರದು, ಮಕ್ಕಳಿಂದ ಕೆಲಸ ಮಾಡಿಸಬಾರದು ಎಂಬುದು ಕಟ್ಟಳೆ.

ಸತ್ತ ಹುಳುಗಳನ್ನು ಕೋಳಿಗಳ ಬಾಯಿಗೆ ಬೀಳದಂತೆ ಗುಂಡಿ ತೋಡಿ ಮುಚ್ಚಿ, ಮುನಿಶಾಮಮ್ಮ ನೇರವಾಗಿ ಬದು ದಾಟಿ ಹೋದಳು.

"ಬಾವ, ನನ್ ಹುಳ ಎಲ್ಲಾ ಹೋದ್ವು. ಒಂದ್ ಮಾತು ಹೇಳಿದ್ರೆ ಈ ಸಾಲಿನ ಸೊಪ್ಪು ಮುಟ್ತಾ ಇರ್ಲಿಲ್ವಲ್ಲ."

ಅಪ್ಪಾಜಪ್ಪ ಕಾಯಿ ಬಿಡಿಸುತ್ತಿದ್ದವನು ತಲೆ ಎತ್ತಲಿಲ್ಲ. "ಗಾಳಿ ನನ್ ಮಾತು ಕೇಳ್ತದಾ? ಔಷಧಿ ಹೊಡೀದೆ ಇದ್ರೆ ಕಾಯಿಗೆಲ್ಲಾ ಹುಳ ಬೀಳ್ತದೆ. ನಿಂಗೆ ಹುಳ ಬದುಕಿದ್ರೆ ಅನ್ನ, ನಂಗೆ ಹುಳ ಸತ್ರೆ ಅನ್ನ. ಏನ್ಮಾಡನ ಹೇಳು."

ಅವನ ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ಅವಳಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು. ಯುಗಾದಿಗೂ ಬೇವು ಬೆಲ್ಲ ಆಚೀಚೆ ಹೋಗಲಿಲ್ಲ.

ಬಿಸಿಲು ಏರಿದ್ದ ಒಂದು ದಿನ ಮುನಿಶಾಮಮ್ಮ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದಾಗ ಆಚೆ ತೋಟದಲ್ಲಿ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ನೋಡಿದರೆ ಅಪ್ಪಾಜಪ್ಪ ಸಾಲಿನ ಮಧ್ಯೆ ಮಗ್ಗುಲಾಗಿ ಬಿದ್ದಿದ್ದ. ಬೆನ್ನಿನ ಕ್ಯಾನು ಸೋರಿ ಅಂಗಿಯೆಲ್ಲ ನೆನೆದಿತ್ತು. ಬಾಯಲ್ಲಿ ನೊರೆ, ಕೈಕಾಲು ಅದುರುತ್ತಿದ್ದವು. ಅವಳು ಅಂಗಿ ಹರಿದು ತೆಗೆದು, ಪೈಪು ಎಳೆದು ಮೈಮೇಲೆಲ್ಲ ನೀರು ಬಿಟ್ಟಳು. ಕೂಗಿಗೆ ಓಡಿ ಬಂದವರು ಆಟೋ ತಂದರು. ಕೋಲಾರದ ಆಸ್ಪತ್ರೆಯವರೆಗೂ ಅವನ ತಲೆ ಅವಳ ತೊಡೆಯ ಮೇಲಿತ್ತು.

ಜೀವ ಉಳಿಯಿತು. ಪ್ರಜ್ಞೆ ತಿಳಿಯಾದ ದಿನ ಅವಳು ಗಂಜಿ ತೆಗೆದುಕೊಂಡು ಹೋಗಿದ್ದಳು. ಅಪ್ಪಾಜಪ್ಪ ಅವಳ ಕಡೆ ಮಗ್ಗುಲು ತಿರುಗಿ ಕೇಳಿದ.

"ನಿನ್ ಹುಳಾನೂ ಹಿಂಗೇ ಒದ್ದಾಡಿದ್ವಾ, ಮುನಿಶಾಮಮ್ಮ?"

"ಹೂಂ ಬಾವ" ಎಂದು ಅವಳು ಗಂಜಿಯ ಲೋಟ ಅವನ ಕೈಗಿಟ್ಟಳು. ಅವನ ಕೈ ಇನ್ನೂ ನಡುಗುತ್ತಿತ್ತು. ಕೊನೆಗೆ ಅವಳೇ ಕುಡಿಸಬೇಕಾಯಿತು.

ಆ ವರ್ಷದ ಸಭೆ ಕೋಲಾರದಲ್ಲಿ ಸೇರಿತು. ಒಟ್ಟಿನ ಹಣ ತಾಯಲೂರಿನ ಶೆಡ್ಡಿಗೆ ಎಂದು ಮೊದಲೇ ಮಾತಾಗಿತ್ತು. ನೂಲು ಬಿಚ್ಚುವ ಹೆಂಗಸರು ಗೂಡು ಬೇಯುವ ಒಲೆಗಳ ಮುಂದೆ ತಗ್ಗು ಚಾವಣಿಯ ಕೆಳಗೆ ಹೊಗೆ ಕುಡಿಯುತ್ತ ಕೂರುತ್ತಿದ್ದರು. ಚಾವಣಿ ಎತ್ತರಿಸಿ ಹೊಗೆ ಕೊಳವೆ ಹಾಕಿಸಬೇಕಿತ್ತು. ಸಂಘದ ಕಾರ್ಯದರ್ಶಿ, ಮಾಲೂರಿನ ಚಂದ್ರಕಲಾ, ಅದನ್ನು ಓದಿ ಹೇಳುವಷ್ಟರಲ್ಲಿ ಮುನಿಶಾಮಮ್ಮ ಎದ್ದು ನಿಂತಳು.

"ಈ ಸಲದ ಹಣ ನಮ್ ಬಾವಂಗೆ ಕೊಡ್ಬೇಕು. ಅವ್ರೊಬ್ರಿಗೇ ಅಲ್ಲ, ನಮ್ ಹೊಲದ ಮಗ್ಗುಲಲ್ಲಿ ಯಾರು ಔಷಧಿ ಬಿಡ್ತೀನಿ ಅಂತಾರೋ ಅವ್ರಿಗೆ. ಬಿಟ್ಟ ಮೊದಲ್ನೇ ಬೆಳೆ ಕೈಗೆ ಹತ್ತಲ್ಲ. ಅದನ್ನ ಯಾರಾದ್ರೂ ತುಂಬಿಕೊಡ್ಬೇಕು."

ತಾಯಲೂರಿನ ಚಿಕ್ಕಗಂಗಮ್ಮ ತನ್ನ ಕೈಗಳನ್ನು ಮುಂದೆ ಚಾಚಿದಳು. ಬಿಸಿನೀರಿನಲ್ಲಿ ಬೆಂದು ಬೆರಳ ತುದಿಗಳು ಬಿಳುಚಿ ಒಡೆದಿದ್ದವು. "ನಾವು ಸಂಘದವ್ರು. ಅವ್ನು ಸಂಘದವ್ನಾ? ವಿಷ ಹೊಡೆದವ್ನಿಗೆ ಹಣ, ಹೊಗೆ ಕುಡಿಯೋರಿಗೆ ಇನ್ನೊಂದ್ ವರ್ಷ ಹೊಗೆ. ಇದು ಯಾವ್ ನ್ಯಾಯ ಹೇಳಮ್ಮ?"

ಆ ಕೈಗಳನ್ನು ನೋಡಿ ಮುನಿಶಾಮಮ್ಮನಿಗೆ ಕೇಳಿದ್ದೇ ತಪ್ಪಾಯಿತೇನೋ ಅನ್ನಿಸಿತು. ಆದರೂ ಕೂರಲಿಲ್ಲ. "ನ್ಯಾಯ ಅಲ್ಲ ಕಣಕ್ಕ. ನಂಗೂ ಗೊತ್ತು. ಆದ್ರೆ ನಮ್ ಹುಳ ಸತ್ರೆ ಗೂಡಿಲ್ಲ, ಗೂಡಿಲ್ದಿದ್ರೆ ನಿನ್ ಒಲೆನೂ ಹತ್ತಲ್ಲ. ಔಷಧಿ ಬದು ನೋಡಿ ನಿಲ್ಲಲ್ಲ. ಆಸ್ಪತ್ರೆಲಿ ನಮ್ ಬಾವನ್ನ ನೋಡ್ಕೊಂಡವ್ಳು ನಾನು."

ಅವಳು ನಡೆದದ್ದನ್ನೆಲ್ಲ ಹೇಳಿದಳು. ಅಪ್ಪಾಜಪ್ಪ ಕೇಳಿದ ಮಾತನ್ನೂ ಹೇಳಿದಳು. ಸಭೆಯಲ್ಲಿ ಗದ್ದಲ ಬಹಳ ಹೊತ್ತು ನಡೆಯಿತು. ಕೊನೆಗೆ ಚಿಕ್ಕಗಂಗಮ್ಮನೇ ಸೆರಗಿನಿಂದ ಮುಖ ಒರೆಸಿಕೊಂಡು, "ಒಂದ್ ವರ್ಷ ತಡ್ಕೊಂತೀವಿ. ಒಂದೇ ವರ್ಷ" ಎಂದಳು. ದನಿಯಲ್ಲಿ ಸಂತೋಷವೇನೂ ಇರಲಿಲ್ಲ.

ಎಲ್ಲ ಅಂದುಕೊಂಡಂತೆ ಆಗಲಿಲ್ಲ. ಔಷಧಿ ಬಿಡುತ್ತೇವೆಂದು ಮುಂದೆ ಬಂದ ಕೆಲವರು ಎಲೆ ಮುದುಡಿದ ಕೂಡಲೇ ಮತ್ತೆ ಕ್ಯಾನು ಹೊತ್ತರು. ಅಪ್ಪಾಜಪ್ಪನ ಮೊದಲ ಬೆಳೆ ಅರ್ಧಕ್ಕರ್ಧ ಕೊಳೆತು ಹೋಯಿತು. ಊರಿನವರು ಕಟ್ಟೆಯ ಮೇಲೆ ಕೂತು ಆಡಿಕೊಂಡರು. ಹುಳು ದೂರವಿಡಲೆಂದು ಅವನು ಬೇವಿನ ಹಿಂಡಿ ಹಾಕಿದ, ಸಾಲಿನ ನಡುವೆ ಚೆಂಡುಹೂವು ನೆಟ್ಟ, ಬದುವಿನುದ್ದಕ್ಕೂ ಗಾಳಿಗೆ ತಡೆಯಾಗಿ ಅಗಸೆ ಗಿಡ ಬೆಳೆಸಿದ. ಎರಡನೇ ಬೆಳೆಯೂ ಹೇಳಿಕೊಳ್ಳುವಂತಿರಲಿಲ್ಲ, ಆದರೆ ನಿಂತಿತು. ಚಂದ್ರಕಲಾ ಆ ಕಾಯಿ ಮಾರಲು ಬೆಂಗಳೂರಿನಲ್ಲಿ ಒಂದು ಅಂಗಡಿ ಹುಡುಕಿಕೊಟ್ಟಳು. ಮುನಿಶಾಮಮ್ಮನ ಹುಳುಗಳು ಆ ವರ್ಷ ಮೇವು ಬಿಟ್ಟು ಹಣ್ಣಾಗಿ, ಚಂದ್ರಿಕೆಯ ಬಿದಿರು ತಟ್ಟಿ ಏರಿ ಗೂಡು ಕಟ್ಟಿದವು.

ಮಾತು ಕೊಟ್ಟಂತೆ ಮರುವರ್ಷದ ಹಣ ತಾಯಲೂರಿಗೆ ಹೋಯಿತು. ಶೆಡ್ಡಿನ ಪೂಜೆಯ ದಿನ ಅಪ್ಪಾಜಪ್ಪ ತಾನೂ ಬರುತ್ತೇನೆಂದು ಮುನಿಶಾಮಮ್ಮನ ಜೊತೆ ಹೊರಟ. ಮುಳಬಾಗಿಲಿನಲ್ಲಿ ಬಸ್ಸು ಬದಲಿಸುವಾಗಲೂ ತನ್ನ ತೋಟದ ಟೊಮೆಟೊ ತುಂಬಿದ ಬುಟ್ಟಿಯನ್ನು ಯಾರ ಕೈಗೂ ಕೊಡಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಚಿಕ್ಕಗಂಗಮ್ಮ ನಿಂತಿದ್ದಳು.

"ನೀವೇನಾ?" ಎಂದಳು. "ನಿಮಗೋಸ್ಕರ ನಾವೊಂದ್ ವರ್ಷ ಹೊಗೆ ಕುಡಿದ್ವಿ."

ಅಪ್ಪಾಜಪ್ಪ ಬುಟ್ಟಿ ಕೆಳಗಿಟ್ಟು ಕೈ ಮುಗಿದ. ಆಸ್ಪತ್ರೆಯಿಂದ ಬಂದ ಮೇಲೂ ಹೋಗದ ನಡುಕ ಆ ಕೈಗಳಲ್ಲಿತ್ತು. ಚಿಕ್ಕಗಂಗಮ್ಮ ಆ ಕೈಗಳನ್ನು ನೋಡಿದಳು.

"ಬನ್ನಿ, ಒಳಗ್ ಬನ್ನಿ. ಬಿಸಿಲಿದೆ" ಎಂದು ಬುಟ್ಟಿಯನ್ನು ತಾನೇ ಎತ್ತಿಕೊಂಡಳು.

ಮುನಿಶಾಮಮ್ಮ ಅವರಿಬ್ಬರ ಹಿಂದೆ ಒಳಗೆ ಹೋಗಿ, ಅಡುಗೆಯವರ ಜೊತೆ ಕೂತು, ಆ ಟೊಮೆಟೊ ಹೆಚ್ಚಲು ಈಳಿಗೆಮಣೆ ಎಳೆದುಕೊಂಡಳು.