ಎರಡು ಬೆರಳು ಹೆಚ್ಚಿಗೆ

ನಮ್ಮ ಮಾವ ಮೂವತ್ತೊಂದು ವರ್ಷಗಳಿಂದ ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕುತ್ತ ಬಂದವರು. ಹೆಗಲಿಗೆ ಏಣಿ, ಸೊಂಟಕ್ಕೆ ಕತ್ತರಿ, ಕೈಯಲ್ಲೊಂದು ಕಬ್ಬಿಣದ ಬಳೆ. ಆ ಬಳೆಗೆ ಪೋಣಿಸಿದ ಅಂಗೈಯಗಲದ ಹತ್ತೊಂಬತ್ತು ಜಾಲರಿ ತುಂಡುಗಳು. ಗಿರಾಕಿ ಅವನ್ನು ಮುಟ್ಟಿ, ಬೆಳಕಿಗೆ ಹಿಡಿದು, ಉಫ್ ಎಂದು ಊದಿ ನೋಡಿ ಆರಿಸುವ ತನಕ ಮಾವ ಅಳತೆ ಟೇಪನ್ನೇ ಬಿಚ್ಚುವುದಿಲ್ಲ. ಕತ್ತರಿಸುವಾಗ ಸುತ್ತಲೂ ಎರಡು ಬೆರಳು ಹೆಚ್ಚಿಗೆ ಬಿಡುತ್ತಾರೆ. ತೂತಿನಷ್ಟೇ ಜಾಲರಿ ಹಾಕಿದರೆ ಅಂಚಿನಿಂದ ಕೈಕೊಡುತ್ತದೆ ಎನ್ನುವುದು ಅವರ ಲೆಕ್ಕ.

ಅಂಥ ಮನುಷ್ಯ ಇದ್ದಕ್ಕಿದ್ದಂತೆ ನನ್ನ ಮಗಳನ್ನು ಎತ್ತಿಕೊಳ್ಳುವುದನ್ನು ಬಿಟ್ಟರು. ಆಗ ಅವಳಿಗೆ ಹನ್ನೊಂದು ತಿಂಗಳು. ಗೋಡೆ ಹಿಡಿದು ತಟ್ಟಾಡುತ್ತ ಹೋಗಿ ಅವರ ಮೊಣಕಾಲ ಹತ್ತಿರ ಎರಡೂ ಕೈ ಮೇಲೆತ್ತಿ ನಿಂತರೆ, ತಲೆ ಸವರಿ, ಕನ್ನಡಕ ಹುಡುಕುವ ನೆಪದಲ್ಲಿ ಎದ್ದು ಹೋಗುತ್ತಿದ್ದರು. 'ಮಾವನಿಗೆ ಮಗು ಸಾಕಾಯಿತೇನೋ' ಎಂದು ಡೈರಿಯಲ್ಲಿ ಬರೆದೆ. ಲಸಿಕೆಯ ತಾರೀಖಿಗೂ ಮೊದಲ ಹಲ್ಲಿಗೂ ನಡುವೆ ಆ ಸಾಲು ಈಗಲೂ ಇದೆ. ಹೊಡೆದುಹಾಕಿಲ್ಲ, ನನಗೆ ಬುದ್ಧಿ ಇರಲಿ ಎಂದು.

ಗುಟ್ಟು ರಟ್ಟಾದದ್ದು ಒಗೆಯುವ ಬಟ್ಟೆಯಲ್ಲಿ. ಮಾವನ ಪ್ಯಾಂಟಿನ ಜೊತೆ ಒಂದು ವಿಚಿತ್ರ ಪಟ್ಟಿ ಬಂತು: ಕಿಟಕಿ ಜಾಲರಿಯನ್ನೇ ಎಂಟು ಮಡಿಕೆ ಮಡಿಸಿ, ಅಂಚಿಗೆ ಬಟ್ಟೆ ಕೊಟ್ಟು, ಎಲಾಸ್ಟಿಕ್ ಹೊಲಿದ ಬೆಲ್ಟು. ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಅವರ ಮುಂದೆ ನಿಂತರು. ಆಮೇಲೆ ಒಂದೊಂದೇ ಹೊರಗೆ ಬಂತು. ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಕೆಮ್ಮಿದರೆ ಹೊರಗೆ, ಮಲಗಿದರೆ ಒಳಗೆ. ಹದಿನಾಲ್ಕು ತಿಂಗಳಾಯಿತಂತೆ. ಮಗು ಭಾರವಾಗುತ್ತ ಬಂದಂತೆ, ಎತ್ತಿದಾಗಲೆಲ್ಲ ಅಲ್ಲಿ ಹರಿದಂತಾಗುತ್ತಿತ್ತಂತೆ.

"ಊರ ಕಿಟಕಿಗೆಲ್ಲ ಜಾಲರಿ ಹಾಕಿ ಸಾಲದೆ ಈಗ ಇಲ್ಲಿಗೂ ಹಾಕ್ಕೊಂಡ್ರಾ?" ಎಂದರು ಅತ್ತೆ.

ಡಾಕ್ಟರಮ್ಮ ಮುಟ್ಟಿ ನೋಡಿ, ಕೆಮ್ಮಿಸಿ, ಹರ್ನಿಯಾ ಎಂದರು. ಹೊಟ್ಟೆಯ ಗೋಡೆ ಸಡಿಲಾಗಿ ತೂತು ಬಿದ್ದಿದೆ. ಮೂರು ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ತೂರಿಸಿ, ಒಳಗಿನಿಂದ ಜಾಲರಿ ಹೊದಿಸಬೇಕು. ಅಲ್ಲಿಯ ತನಕ ಏಣಿಯೂ ಬೇಡ, ಮಗುವೂ ಬೇಡ. ಉಬ್ಬು ಒಳಗೆ ಹೋಗದೆ ಸಿಕ್ಕಿಕೊಂಡರೆ ಆವತ್ತೇ ಓಡಿ ಬರಬೇಕು.

ಮಾವ ಎಲ್ಲಕ್ಕೂ ತಲೆಯಾಡಿಸಿದರು, ಆಪರೇಷನ್ನಿನ ಕಾಗದಕ್ಕೆ ಸಹಿ ಮಾತ್ರ ಹಾಕಲಿಲ್ಲ. "ಮುಟ್ಟಿ ನೋಡದೆ ಜಾಲರಿ ಹಾಕಿಸ್ಕೊಳ್ಳಲ್ಲ" ಎಂದು ಎದ್ದೇಬಿಟ್ಟರು. ನನಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮೂರು ವಾರ ಮನೆಯಲ್ಲಿ ಅದೇ ಹಟ. ಮಗು ಕೈ ಎತ್ತುವುದು, ಇವರು ಕನ್ನಡಕ ಹುಡುಕುವುದು. ಕೊನೆಗೆ ನಾನೇ ಆಸ್ಪತ್ರೆಗೆ ಫೋನ್ ಮಾಡಿ, ಒಂದು ತುಂಡು ತೋರಿಸಲು ಸಾಧ್ಯವೇ ಎಂದು ಕೇಳಿದೆ. ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಬನ್ನಿ ಎಂದರು.

ಡಾಕ್ಟರಮ್ಮನ ಮೇಜಿನ ಮೇಲೆ ಮೂರು ಮಾದರಿಗಳಿದ್ದವು. ಮಾವ ಕೈ ತೊಳೆದುಕೊಂಡು ಬಂದು, ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಡಿ ಎಳೆ ಎಣಿಸಿದರು. ತೀರ ಒತ್ತಾಗಿ ನೇಯ್ದದ್ದನ್ನು ಎತ್ತಿಕೊಂಡು, ಇದೇ ಗಟ್ಟಿ, ಉಳಿದವುಗಳಲ್ಲಿ ಸೊಳ್ಳೆ ನುಗ್ಗುತ್ತದೆ ಎಂದರು.

ಡಾಕ್ಟರಮ್ಮ ನಗಲಿಲ್ಲ. "ಯಜಮಾನರೇ, ಇಲ್ಲಿ ತಡೆಯೋಕೆ ಸೊಳ್ಳೆ ಇಲ್ಲ. ಜಾಲರಿ ಕಣ್ಣು ದೊಡ್ಡದಿದ್ರೆ ನಿಮ್ಮ ಮಾಂಸಾನೇ ಅದರೊಳಗೆ ಬೆಳೆದು ಹಿಡ್ಕೊಳ್ಳುತ್ತೆ. ಇಷ್ಟು ಒತ್ತಾಗಿದ್ರೆ ಸೆಡೆತು ಸುಕ್ಕಾಗುತ್ತೆ."

ಗಾರೆ ಕೆಲಸದವರು ಗೋಡೆಗೆ ದೊಡ್ಡ ಕಣ್ಣಿನ ತಂತಿ ಬಲೆ ಹೊಡೆಯುವುದು ಇದಕ್ಕೇ, ಸಿಮೆಂಟು ಕಚ್ಚಲಿ ಅಂತ, ಎಂದು ಮಾವ ತಮಗೆ ತಾವೇ ಹೇಳಿಕೊಂಡರು. ಒತ್ತಾದದ್ದನ್ನು ಕೆಳಗಿಟ್ಟು, ಹೂವಿನಂತೆ ಹಗುರವಾಗಿದ್ದ ಇನ್ನೊಂದನ್ನು ಎತ್ತಿದರು. ಅದಕ್ಕೂ ಆಕೆ ಬೇಡವೆಂದರು. ನಿಮ್ಮ ತೂತು ದೊಡ್ಡದು, ಅದು ತೂತಿನೊಳಕ್ಕೇ ಉಬ್ಬಿಕೊಂಡೀತು. ಮಾವ ಅದನ್ನು ಎರಡು ಬೆರಳ ನಡುವೆ ಎಳೆದು ಹಿಡಿದು ಹೆಬ್ಬೆಟ್ಟಿನಿಂದ ಒತ್ತಿ ನೋಡಿ, ಹೌದು, ಜೋಲುತ್ತದೆ ಎಂದು ಒಪ್ಪಿದರು. ಉಳಿದದ್ದು ಮೂರನೆಯದು, ಎಳೆ ದಪ್ಪ, ಕಣ್ಣು ದೊಡ್ಡದು.

"ಸುತ್ತಲೂ ಎಷ್ಟು ಹೆಚ್ಚಿಗೆ ಬಿಡ್ತೀರಿ?"

"ಎರಡು ಬೆರಳಿಗೆ ಕಮ್ಮಿ ಇಲ್ಲ."

"ಮೊಳೆ?"

"ಒಳಗಿನಿಂದ ಹಾಕ್ತೀವಲ್ಲ, ಹೊಟ್ಟೆ ಒತ್ತಡವೇ ಗೋಡೆಗೆ ಒತ್ತಿ ಹಿಡಿಯುತ್ತೆ. ಬೇಕಾದ್ರೆ ಒಂದೋ ಎರಡೋ. ನೀವು ಹೊರಗಿನಿಂದ ಕಟ್ಕೊಂಡ್ರಿ ನೋಡಿ, ಅದಕ್ಕೇ ನಿಲ್ಲಲಿಲ್ಲ."

ಮಾವ ಪೆನ್ನು ಕೇಳಿದರು.

ಆಪರೇಷನ್ ದಿನ ಬೆಳಿಗ್ಗೆ ಒಳಗೆ ಹೋದವರು ಮರುದಿನ ನಡೆದುಕೊಂಡೇ ಮನೆಗೆ ಬಂದರು. ಕೆಲವು ದಿನ ನಕ್ಕರೆ ನೋವು ಎಂದು ಅತ್ತೆಯ ಜೋಕುಗಳಿಗೆ ರಜೆ ಕೊಡಿಸಿದರು. ಕೇಳಿ ಪಡೆದುಕೊಂಡು ಬಂದಿದ್ದ ಮಾದರಿ ತುಂಡು ಬಳೆಯಲ್ಲಿ ಇಪ್ಪತ್ತನೆಯದಾಯಿತು.

ಆರನೆಯ ವಾರ ಡಾಕ್ಟರಮ್ಮ ಕೆಮ್ಮಿಸಿ ನೋಡಿ, ಎತ್ತಬಹುದು ಎಂದರು. ಆವತ್ತು ಸಂಜೆ ಮಗು ಎಂದಿನಂತೆ ಹೋಗಿ ಕೈ ಎತ್ತಿತು. ಕನ್ನಡಕ ಮೂಗಿನ ಮೇಲೇ ಇತ್ತು. ಮಾವ ಬಗ್ಗಿದರು, ಉಸಿರು ಬಿಗಿಹಿಡಿದರು, ಎತ್ತಿದರು. ಅವಳನ್ನು ಕಿಟಕಿಗೆ ಒಯ್ದು ತಾವೇ ಹಾಕಿದ ಜಾಲರಿ ತೋರಿಸತೊಡಗಿದರು. ಅವಳ ಕಾಲು ಸರಿಯಾಗಿ ಆಪರೇಷನ್ ಆದ ಜಾಗಕ್ಕೇ ಒದೆಯುತ್ತಿತ್ತು. ಅತ್ತೆ ಧಾವಿಸಿ ಹೋದರು.

"ಒದೀಲಿ ಬಿಡೇ," ಎಂದರು ಮಾವ. "ಎರಡು ಬೆರಳು ಹೆಚ್ಚಿಗೆ ಬಿಟ್ಟಿದ್ದಾರೆ."