ಇಪ್ಪತ್ತನೇ ಸಾಲು

ಕೂತಲ್ಲಿ ಕೂರುವ ವಿದ್ಯೆ ದ್ರಾಕ್ಷಾಯಿಣಿಗೆ ಹುಟ್ಟಿನಿಂದಲೇ ಒಲಿದಿಲ್ಲ. ಹೊಸರಿತ್ತಿಯ ಶಾಲೆಯಲ್ಲಿ ಓದುವಾಗ ಪ್ರಾರ್ಥನೆಗೆ ಕೂರಿಸಿದರೆ ನಡುವೆ ಎರಡು ಸಲ ನೀರು ಕುಡಿದು ಬರುತ್ತಿದ್ದಳು. ಈಗ ಇಪ್ಪತ್ತೇಳು ತುಂಬಿದೆ, ಅಗಡಿಯಿಂದ ಹಾವೇರಿಗೆ ಬರುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತೇ ಬರುತ್ತಾಳೆ. ಇಂಥವಳಿಗೆ ಸಿಕ್ಕ ಕೆಲಸವಾದರೂ ಎಂಥದ್ದು? ಪರದೆಯ ಮುಂದೆ ಕೂತು ನಾಲ್ಕು ಸಾವಿರದ ನೂರಾ ಹನ್ನೆರಡು ಪರೀಕ್ಷೆಗಳ ಫಲಿತಾಂಶ ಕಾಯುವುದು. ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುವ ಮಾತು ಇವಳನ್ನು ನೋಡಿಯೇ ಹುಟ್ಟಿರಬೇಕು.

ಹಾವೇರಿಯಲ್ಲಿ ಹೆದ್ದಾರಿಯ ಪಕ್ಕ, ಪೈಪು ಮತ್ತು ಮೋಟಾರು ಮಾರುವ ಅಂಗಡಿಯ ಮೇಲಿನ ಎರಡನೇ ಅಂತಸ್ತಿನಲ್ಲಿ ಅವಳ ಕಂಪನಿ. ರಾಣೆಬೆನ್ನೂರಿನ ಸದಾಶಿವ ಅದರ ಯಜಮಾನರು. ಅಲ್ಲಿ ತಯಾರಾಗುವುದು ಒಂದು ಡೇಟಾಬೇಸ್ ಸರ್ವರ್. ದವಾಖಾನೆ, ಸೊಸೈಟಿ, ಬೀಜದ ಅಂಗಡಿಗಳು ಬರೆದಿಟ್ಟಿದ್ದನ್ನೆಲ್ಲ ಒಳಗೆ ಕಾಪಾಡಿಕೊಂಡು, ಕೇಳಿದಾಗ ಕೇಳಿದ್ದನ್ನು ತೆಗೆದುಕೊಡುವ ಸಾಫ್ಟ್‌ವೇರು. ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವನ್ನು ನೆನೆದು ಸದಾಶಿವರು ಅದಕ್ಕೂ ‘ಹಗೇವು’ ಎಂದೇ ಹೆಸರಿಟ್ಟಿದ್ದರು. ಒಳಗೆ ಹಾಕಿದ್ದು ಹಾಕಿದಷ್ಟೇ ಹೊರಗೆ ಬರುತ್ತದೆಯೇ ಎಂದು ದಿನವೂ ನೋಡುವುದು ದ್ರಾಕ್ಷಾಯಿಣಿಯ ಪಾಲಿಗೆ ಬಂದಿತ್ತು.

ಕೇಳಿದರೆ ಸರಳ ಕೆಲಸ. ಪ್ರತಿಯೊಂದು ಪರೀಕ್ಷೆಯೂ ಸರ್ವರಿಗೆ ಒಂದು ಪ್ರಶ್ನೆ ಕೇಳುತ್ತದೆ. ಸರಿಯಾದ ಉತ್ತರ ಪಕ್ಕದ ಫೈಲಿನಲ್ಲಿ ಮೊದಲೇ ಬರೆದಿರುತ್ತದೆ. ಎರಡೂ ಹೊಂದಿದರೆ ಪರದೆಯಲ್ಲಿ ಹಸಿರು, ಹೊಂದದಿದ್ದರೆ ಕೆಂಪು. ಪ್ರೋಗ್ರಾಂ ಬರೆಯುವವರು ಒಂದು ಕಡೆ ರಿಪೇರಿ ಮಾಡಿದರೆ ಇನ್ನೊಂದು ಕಡೆ ಕೆಡುವುದು ಇದ್ದದ್ದೇ, ಅದಕ್ಕೆ ದಿನವೂ ಎಲ್ಲವನ್ನೂ ಓಡಿಸಬೇಕು. ಪರೀಕ್ಷೆಗಳಿಗೂ ವಯಸ್ಸಾಗುತ್ತದೆ. ಸರ್ವರು ಉತ್ತರ ಕೊಡುವ ರೀತಿ ಬದಲಾದರೆ ಹಳೆಯ ಉತ್ತರದ ಫೈಲು ಸುಮ್ಮನೆ ಕೆಂಪಾಗಿ ಕೂತುಬಿಡುತ್ತದೆ. ಆಗ ಬಳಸಲು ಒಂದು ಆಜ್ಞೆ ಇತ್ತು. ಅದನ್ನು ಕೊಟ್ಟರೆ ಸರ್ವರು ಈಗ ಏನು ಹೇಳುತ್ತದೋ ಅದೇ ಸರಿಯುತ್ತರವಾಗಿ ಫೈಲಿಗೆ ಇಳಿಯುತ್ತದೆ. ಆಫೀಸಿನಲ್ಲಿ ಅದಕ್ಕೆ ‘ಉತ್ತರ ಬರಕೊಳ್ಳೋದು’ ಅನ್ನುತ್ತಿದ್ದರು. ಯೋಚಿಸಿ ಮಾಡಿದರೆ ಬಲು ಉಪಯೋಗದ್ದು. ಯೋಚಿಸದೆ ಮಾಡಿದರೆ, ಪರೀಕ್ಷೆ ಬರೆಯುವ ಹುಡುಗನ ಕೈಗೇ ಉತ್ತರಪತ್ರಿಕೆ ತಿದ್ದಲು ಕೊಟ್ಟ ಹಾಗೆ.

ಆ ಜನವರಿಯಲ್ಲಿ ಹಗೇವಿನ ಹೊಸ ಆವೃತ್ತಿ ಸೋಮವಾರ ಹೊರಡುವುದಿತ್ತು. ರಾಣೆಬೆನ್ನೂರಿನಲ್ಲಿ ಹೊಸ ಆಫೀಸು ತೆರೆಯುವುದಿತ್ತು, ಅಲ್ಲಿನ ಪರೀಕ್ಷಾ ವಿಭಾಗಕ್ಕೆ ದ್ರಾಕ್ಷಾಯಿಣಿಯೇ ಮುಖ್ಯಸ್ಥೆ ಎಂದು ಸದಾಶಿವರು ಎಲ್ಲರೆದುರು ಹೇಳಿಯೂ ಆಗಿತ್ತು. “ಈಕಿ ಹಸಿರು ಅಂದ್ರ ಹಸಿರು” ಎಂದು ಅವರು ಬೆನ್ನು ತಟ್ಟಿದ್ದರು. ಹನ್ನೊಂದು ದಿನಗಳಿಂದ ಒಂದೂ ಕೆಂಪು ಬಂದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಪೇಡೆ ಹಂಚುತ್ತಿದ್ದರು. ಇವಳಿಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ತಿರುಗುತ್ತಿದ್ದ ಮಗಳನ್ನು ಹೊಳಿಯವ್ವ ನೋಡಿದಳು. ಹೊಳಿಯವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆರಿಸುವ ಕೆಲಸಕ್ಕೆ ಹೋಗುವವಳು. ಹೆಂಗಸರನ್ನು ಕರೆದೊಯ್ಯುವ ಟೆಂಪೋ ಬರಲು ಇನ್ನೂ ಹೊತ್ತಿತ್ತು.

“ಕಾಲಾಗ ಚಕ್ರ ಕಟ್ಕೊಂಡಿಯೇನ? ಒಂದ ಕಡೆ ಕುಂದ್ರವಾ.”

“ಎಲ್ಲಾ ಪಾಸ್ ಆಗಾಕತ್ತಾವ, ಯವ್ವಾ.”

“ಛಲೋ ಆತಲ್ಲ. ಅದಕ್ಯಾಕ ಇಷ್ಟ ಸಂಕಟ?”

“ಹನ್ನೊಂದ ದಿನ ಒಂದೂ ಫೇಲ್ ಆಗಿಲ್ಲ ಅಂದ್ರ, ಸರ್ವರ್ ಛಲೋ ಐತೋ, ನನ್ನ ಪರೀಕ್ಷಾನ ಕುರುಡ ಆಗ್ಯಾವೋ, ಹೆಂಗ ತಿಳಿಬೇಕು?”

ಹೊಳಿಯವ್ವನಿಗೆ ಸರ್ವರು ತಿಳಿಯದು, ಆದರೆ ಪ್ರಶ್ನೆ ತಿಳಿಯಿತು. ರೊಟ್ಟಿ ಬುತ್ತಿಗೆ ಕಟ್ಟುತ್ತಲೇ ನಕ್ಕಳು.

“ನಮ್ಮ ಮುಂದಾಳು ಬಿಸ್ಮಿಲ್ಲಾಬಿ ಏನ್ ಮಾಡ್ತಾಳ ಗೊತ್ತೈತೇನು? ನಾವು ಕುಂದ್ರೂಕಿಂತ ಮೊದಲ ಬಣ್ಣಗೆಟ್ಟ ಬಿಳಿಗಾಯಿ ಏಳು, ತುದಿ ಮುರದು, ತಾನ ರಾಶಿಯೊಳಗ ಬಚ್ಚಿಟ್ಟಿರ್ತಾಳ. ಸಂಜಿಕೆ ಬಂದು, ನನ್ನ ಏಳು ಎಲ್ಲಿ, ಕೊಡ್ರಿ ಅಂತಾಳ. ಆರ ಕೊಟ್ರ ಇಡೀ ರಾಶಿ ಮತ್ತ ಸುರಿವಿಸ್ತಾಳ. ಆಕಿ ನೋಡೂದು ಕಾಯಿ ಅಲ್ಲ, ನಮ್ಮ ಕಣ್ಣು.”

ದ್ರಾಕ್ಷಾಯಿಣಿ ನಿಂತಲ್ಲೇ ನಿಂತಳು. ಚಹಾ ಕುಡಿಯದೆ ಬಸ್ಸಿಗೆ ಓಡಿದಳು.

ಆಫೀಸಿಗೆ ಬಂದವಳೇ ಹಗೇವಿನ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ಬೇಕೆಂದೇ ಏಳು ಕಡೆ ಕೆಡಿಸಿದಳು. ಕೂಡುವ ಕಡೆ ಕಳೆಯುವಂತೆ ಮಾಡಿದಳು, ತಾರೀಖನ್ನು ಒಂದು ದಿನ ಹಿಂದೆ ಸರಿಸಿದಳು, ಹುಡುಕಿದ ಹೆಸರು ಸಿಕ್ಕಿದರೂ ಇಲ್ಲ ಅನ್ನುವಂತೆ ಮಾಡಿದಳು. ಏಳನೆಯದು ಪ್ರೋಗ್ರಾಮಿನ ಒಂದೇ ಒಂದು ಸಾಲು. ಯಾರಾದರೂ ಸೇವ್ ಒತ್ತಿದಾಗ, ‘ಆಯಿತು’ ಅನ್ನುವ ಮೊದಲೇ ಬರೆದದ್ದನ್ನು ಡಿಸ್ಕಿನೊಳಗೆ ಗಟ್ಟಿಯಾಗಿ ಇಳಿಸುವ ಸಾಲು ಅದು. ಅದಿಲ್ಲದಿದ್ದರೆ, ಆ ಗಳಿಗೆಯಲ್ಲಿ ಕರೆಂಟು ಹೋದರೆ ಕೊನೆಗೆ ಬರೆದದ್ದು ಗಾಳಿಪಾಲು. ಅದನ್ನೂ ತೆಗೆದುಹಾಕಿ ಪರೀಕ್ಷೆಗಳನ್ನು ಓಡಲು ಬಿಟ್ಟಳು. ಮೂರು ತಾಸಿನ ಓಟ. ಅಷ್ಟರಲ್ಲಿ ಮೆಟ್ಟಿಲಿಳಿದು ಪೈಪಿನಂಗಡಿಯವರೆಗೆ ನಾಲ್ಕು ಸಲ ಹೋಗಿ ಬಂದಳು. ಅಂಗಡಿಯ ಜಮೀರ್, “ಏನ್ರಿ ಮೇಡಂ, ಮೋಟಾರ್ ತಗೊಳ್ಳಾವ್ರೇನು?” ಎಂದು ಕೇಳಿದ್ದೂ ಆಯಿತು.

ಮಧ್ಯಾಹ್ನ ನೋಡಿದರೆ ಆರು ಕೆಡುಕುಗಳು ಕೆಂಪಗೆ ಸಿಕ್ಕಿಬಿದ್ದಿದ್ದವು. ಏಳನೆಯದು ಸಿಕ್ಕಿರಲಿಲ್ಲ.

ಅದನ್ನು ಹಿಡಿಯಬೇಕಾಗಿದ್ದದ್ದು ಎರಡು ಸಾವಿರದ ಇನ್ನೂರ ಏಳನೆಯ ಪರೀಕ್ಷೆ. ಅದು ಇಪ್ಪತ್ತು ಸಾಲು ಬರೆಯುತ್ತದೆ, ಇಪ್ಪತ್ತಕ್ಕೂ ಸರ್ವರಿನಿಂದ ‘ಆಯಿತು’ ಅನ್ನಿಸಿಕೊಳ್ಳುತ್ತದೆ, ಕರೆಂಟು ಹೋದ ಹಾಗೆ ಸರ್ವರನ್ನು ತಟ್ಟನೆ ನಿಲ್ಲಿಸುತ್ತದೆ. ಮತ್ತೆ ಎಬ್ಬಿಸಿ, ಎಷ್ಟು ಸಾಲು ಉಳಿದವು ಎಂದು ಕೇಳುತ್ತದೆ. ಹಸಿರು. ದ್ರಾಕ್ಷಾಯಿಣಿ ಉತ್ತರದ ಫೈಲು ತೆರೆದಳು. ಅಲ್ಲಿ ಹತ್ತೊಂಬತ್ತು ಎಂದಿತ್ತು.

ತಾನು ಕೆಡಿಸಿದ ಪ್ರತಿಯನ್ನು ಬದಿಗಿಟ್ಟು, ಸೋಮವಾರ ಹೊರಡುವ ಸರ್ವರಿನ ಮೇಲೆ ಅದೊಂದನ್ನೇ ಓಡಿಸಿದಳು. ಅಲ್ಲೂ ಹತ್ತೊಂಬತ್ತು, ಅಲ್ಲೂ ಹಸಿರು. ಉತ್ತರವನ್ನು ಇಪ್ಪತ್ತು ಎಂದು ತಿದ್ದಿದಾಗ ಪರದೆ ಕೆಂಪಾಯಿತು. ಅಂದರೆ ಅವಳು ತೆಗೆದುಹಾಕಿದ ಆ ಸಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದು ಮೊದಲಿನಿಂದಲೂ ಕೆಲಸ ಮಾಡುತ್ತಿರಲಿಲ್ಲ. ಕರೆಂಟು ಹೋದಾಗಲೆಲ್ಲ ಹಗೇವು ಕೊನೆಯ ಸಾಲನ್ನು ನುಂಗುತ್ತಿತ್ತು, ಪರೀಕ್ಷೆ ಅದಕ್ಕೆ ಹಸಿರು ನಿಶಾನೆ ತೋರಿಸುತ್ತಿತ್ತು.

ಯಾವ ಪುಣ್ಯಾತ್ಮ ಹತ್ತೊಂಬತ್ತು ಬರೆದ ಎಂದು ಬಯ್ಯಲು ಬಾಯಿ ತೆರೆದು ಫೈಲಿನ ಇತಿಹಾಸ ನೋಡಿದಳು. ಮೂರು ವರ್ಷದ ಹಿಂದಿನ ತಾರೀಖು, ಅದರ ಮುಂದೆ ಅವಳದೇ ಹೆಸರು.

ಆಗ ಎಲ್ಲ ನೆನಪಾಯಿತು. ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿತ್ತು. ಇದೊಂದು ಪರೀಕ್ಷೆ ಕೆಂಪಾಗಿ ಕಾಡುತ್ತಿತ್ತು. ಕಂಪ್ಯೂಟರು ಒಂದರಿಂದಲ್ಲ, ಸೊನ್ನೆಯಿಂದ ಎಣಿಸುತ್ತದೆ ಎಂದು ಹೊಸದಾಗಿ ಕಲಿತ ಜಂಬ ಬೇರೆ ಇತ್ತು. ಸೊನ್ನೆಯಿಂದ ಎಣಿಸಿದರೆ ಇಪ್ಪತ್ತನೆಯದು ಹತ್ತೊಂಬತ್ತಾಗುತ್ತದೆ, ಹಳೆಯ ಉತ್ತರ ಬರೆದವರಿಗೇ ಇದು ಗೊತ್ತಿರಲಿಕ್ಕಿಲ್ಲ ಎಂದುಕೊಂಡು, ಯಾರನ್ನೂ ಕೇಳದೆ ಉತ್ತರ ಬರೆದುಕೊಂಡಿದ್ದಳು. ಕೇಳಿದ್ದು ಎಷ್ಟನೆಯದು ಎಂದಲ್ಲ, ಎಷ್ಟು ಉಳಿದವು ಎಂದು. ಅಲ್ಪವಿದ್ಯಾ ಮಹಾಗರ್ವಿ ಅನ್ನುವುದು ಸುಳ್ಳಲ್ಲ.

ಇಷ್ಟೇ ಆಗಿದ್ದರೆ ನಾಚಿಕೆಯಲ್ಲಿ ಮುಗಿಯುತ್ತಿತ್ತು. ಆದರೆ ನಲಿನಿ ನೆನಪಾದರು. ರಾಣೆಬೆನ್ನೂರಿನ ಒಂದು ದವಾಖಾನೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೌಂಟರಿನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವರು. ಕರೆಂಟು ಹೋಗಿ ಬಂದರೆ ಕೊನೆಯ ಹೆಸರು ಮಾಯವಾಗುತ್ತದೆ ಎಂದು ಅವರು ಎರಡು ಸಲ ಫೋನು ಮಾಡಿದ್ದರು. ಎರಡು ಸಲವೂ ದ್ರಾಕ್ಷಾಯಿಣಿ ಇದೇ ಪರೀಕ್ಷೆ ಓಡಿಸಿ, ಹಸಿರು ನೋಡಿ, “ನಮ್ಮ ಕಡೆ ಎಲ್ಲಾ ಬರೋಬ್ಬರಿ ಐತ್ರಿ, ನೀವು ಸೇವ್ ಒತ್ತಿರ್ಲಿಕ್ಕಿಲ್ಲ” ಅಂದಿದ್ದಳು. ಮೂರನೇ ಸಲ ದವಾಖಾನೆಯ ಡಾಕ್ಟರೇ ಕೇಳಿದಾಗ ಅದನ್ನೇ ಪತ್ರದಲ್ಲಿ ಬರೆದು ಸಹಿ ಹಾಕಿ ಕಳಿಸಿದ್ದಳು. ಆಮೇಲೆ ನಲಿನಿಯವರನ್ನು ಕೌಂಟರಿನಿಂದ ತೆಗೆದು ಹಳೆಯ ಫೈಲುಗಳ ಕೋಣೆಗೆ ಹಾಕಿದರೆಂದು ಸುದ್ದಿ ಬಂದಿತ್ತು. ಆಗ ದ್ರಾಕ್ಷಾಯಿಣಿ, ವಯಸ್ಸಾಯಿತು ಪಾಪ ಎಂದುಕೊಂಡಿದ್ದಳು.

ಆ ಮಧ್ಯಾಹ್ನ ಅವಳು ಎಷ್ಟು ಸಲ ಮೆಟ್ಟಿಲು ಹತ್ತಿಳಿದಳೋ ಲೆಕ್ಕವಿಲ್ಲ. ಸುಮ್ಮನೆ ಇಪ್ಪತ್ತೆಂದು ತಿದ್ದಿ, ಇವತ್ತು ಕೆಂಪಾಯಿತು ನೋಡಿ ಎಂದರೆ ಪ್ರೋಗ್ರಾಂ ಬರೆಯುವವರು ರಿಪೇರಿ ಮಾಡುತ್ತಾರೆ. ಮೂರು ವರ್ಷದ ಇತಿಹಾಸ ಕೆದಕಲು ಯಾರಿಗೆ ಪುರಸೊತ್ತು? ರಾಣೆಬೆನ್ನೂರಿನ ಹುದ್ದೆಯೂ ಉಳಿಯುತ್ತದೆ. ಹೀಗೆ ಒಂದು ಸಲ ಅಂದುಕೊಂಡಳು, ಎರಡು ಸಲ ಅಂದುಕೊಂಡಳು. ಆ ಪತ್ರದ ಸಹಿ ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ. ಅವಳಿಗೆ ಭಯವಾಗಿತ್ತು, ಭಯಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಹೇಸಿಗೆಯಾಗಿತ್ತು. ಐದು ಗಂಟೆಗೆ ಸದಾಶಿವರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು.

ಸದಾಶಿವರು ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸೋಮವಾರದ್ದು ನಿಲ್ಸೋಣು. ರಿಪೇರಿ ಆಗ್ಲಿ. ಗಿರಾಕಿಗಳಿಗೆ, ಸುಧಾರಣಾ ಮಾಡೇವಿ ಅಂತ ಒಂದ ಸಾಲು ಬರದ್ರ ಮುಗೀತು.”

“ನಲಿನಿಯವರಿಗೆ, ಸರ್?”

“ಅದನ್ನ ಯಾಕ ಎಬ್ಬಸ್ತಿ? ಆಗಿದ್ದಾತು.”

“ಪತ್ರಾ ಬರದಾಕಿ ನಾನು. ನಾನ ಹೋಗಿ ಹೇಳಿ ಬರ್ತೇನ್ರಿ.”

“ನೋಡವಾ, ನೀ ಊರ ಮುಂದ ಹಿಂಗ ಹೇಳ್ಕೊಂಡ ಬಂದ್ರ, ಅದ ಊರಾಗಿನ ಆಫೀಸಿಗೆ ನಿನ್ನ ಹೆಂಗ ಕುಂದರಸ್ಲಿ?”

“ನನಗ ಕುಂದ್ರಾಕ ಮೊದಲ ಬರಂಗಿಲ್ರಿ, ಸರ್” ಎಂದಳು ದ್ರಾಕ್ಷಾಯಿಣಿ. ನಗಿಸಲು ಅಂದ ಮಾತು, ಅಂದವಳಿಗೇ ನಗು ಬರಲಿಲ್ಲ.

ರಾಣೆಬೆನ್ನೂರಿನ ಆ ಹುದ್ದೆ ಬೇರೆಯವರಿಗೆ ಹೋಯಿತು. ಅವಳು ಹಾವೇರಿಯಲ್ಲೇ ಉಳಿದಳು. ಈಗ ಅಲ್ಲಿ ಪ್ರತಿ ಗುರುವಾರ ಏಳು ಬಿಳಿಗಾಯಿ ಬಚ್ಚಿಡುವ ಪದ್ಧತಿ ಇದೆ, ಇಬ್ಬರು ನೋಡದೆ ಯಾರೂ ಉತ್ತರ ಬರೆದುಕೊಳ್ಳುವಂತಿಲ್ಲ. ಇವೆಲ್ಲ ಆಮೇಲಿನ ಮಾತು.

ಶುಕ್ರವಾರ ಬೆಳಿಗ್ಗೆ ರಾಣೆಬೆನ್ನೂರಿನ ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ನಿಂತೇ ಹೋದಳು. ದವಾಖಾನೆಯ ಹಿಂದಿನ ಕೋಣೆಯಲ್ಲಿ, ಧೂಳು ಹಿಡಿದ ಫೈಲುಗಳ ನಡುವೆ ಬಿಳಿಕೂದಲಿನ ನಲಿನಿ ಹಗ್ಗ ಬಿಗಿಯುತ್ತಿದ್ದರು. ದ್ರಾಕ್ಷಾಯಿಣಿ ಹೆಸರು ಹೇಳಿದ ಕೂಡಲೇ ಅವರ ಮುಖ ಬಿಗಿಯಿತು.

“ಪತ್ರಾ ಬರದಾವ್ರು ನೀವೇನು?”

“ಹೌದ್ರಿ. ಅದು ತಪ್ಪಿತ್ರಿ. ನೀವು ಸೇವ್ ಒತ್ತಿದ್ರಿ. ಕಳದಿದ್ದು ನಮ್ಮ ಸರ್ವರ್. ಅದನ್ನ ಹಿಡೀಬೇಕಾಗಿದ್ದ ಪರೀಕ್ಷಾಕ್ಕ ತಪ್ಪು ಉತ್ತರ ಬರದಾಕಿ ನಾನು.”

ನಲಿನಿ ಕೈಯಲ್ಲಿದ್ದ ಹಗ್ಗ ಬಿಟ್ಟರು. ಬಯ್ಯುತ್ತಾರೆ ಎಂದು ದ್ರಾಕ್ಷಾಯಿಣಿ ಕಾದಳು. ಅವರು ಬಯ್ಯಲಿಲ್ಲ.

“ಮೊದಲಿಗೆ ನಾ ಒತ್ತೇನಿ ಅಂತ ಖರೇನ ಗೊತ್ತಿತ್ರಿ ನನಗ. ಎಲ್ಲಾರೂ ಇಲ್ಲ, ಇಲ್ಲ ಅಂದ್ರು. ಆಮ್ಯಾಲ ನನಗ ಗೊತ್ತಾಗ್ದಂಗಾತು. ಈಗ ಮನಿ ಕೀಲಿ ಹಾಕಿ ನಾಕ ಮನಿ ದಾಟಿರ್ತೇನಿ, ತಿರುಗಿ ಹೋಗಿ ಜಗ್ಗಿ ನೋಡ್ತೇನಿ. ಗ್ಯಾಸ್ ಆರಿಸಿದ್ದ ಮೂರ ಸಲ ನೋಡ್ತೇನಿ. ನನ್ನ ಕೈ ಮ್ಯಾಲ ನನಗ ನಂಬಿಕಿ ಹೋಗೇತಿ.”

ದ್ರಾಕ್ಷಾಯಿಣಿಗೆ ಕಣ್ಣು ತುಂಬಿ ಬಂತು, ತಡೆದುಕೊಳ್ಳಲಿಲ್ಲ.

“ನನ್ನ ಮುಂದ ಅತ್ರ ಆಗೂದಿಲ್ರಿ,” ಎಂದರು ನಲಿನಿ. “ಡಾಕ್ಟರ್ ಮುಂದ ಹೇಳ್ರಿ. ಅವ್ರು ಬರೂದು ಇನ್ನ ಎರಡು ತಾಸು. ಅಲ್ಲೀತನ ಕುಂದರ್ತೀರೇನು?”

“ಕುಂದರ್ತೇನ್ರಿ.”

ಹೊರಗೆ ರೋಗಿಗಳ ಬೆಂಚಿನ ಮೇಲೆ ಅವಳು ಕೂತಳು. ಕಾಲು ತಾನಾಗಿ ಕುಣಿಯತೊಡಗಿದಾಗ ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡಳು. ನೀರಿಗೂ ಏಳಲಿಲ್ಲ. ಡಾಕ್ಟರು ಬಂದಾಗ, ಕೌಂಟರಿನವರು, ನರ್ಸುಗಳು, ಸಾಲಿನಲ್ಲಿದ್ದ ರೋಗಿಗಳು ಎಲ್ಲರೂ ಕೇಳುವಂತೆ ಹೇಳಿದಳು:

“ನಲಿನಿಯವರು ಒಂದ ಸಲಾನೂ ಸೇವ್ ಒತ್ತೂದು ಮರತಿಲ್ರಿ. ತಪ್ಪು ನಂದು.”

ಡಾಕ್ಟರು ಏನೋ ಕೇಳಲು ಹೊರಟರು. ಬಾಗಿಲಲ್ಲಿ ನಿಂತಿದ್ದ ನಲಿನಿ ಕೈಯೆತ್ತಿ ಅವರನ್ನು ತಡೆದರು.

“ಇನ್ನೊಂದ ಸಲ ಹೇಳ್ರಿ,” ಎಂದರು.

ದ್ರಾಕ್ಷಾಯಿಣಿ ಇನ್ನೊಂದು ಸಲ ಹೇಳಿದಳು.